ಶೂನ್ಯಾಗಾರ: ಒಂದು ಕಿರುಚಿತ್ರದ ರಸವಿಚಾರ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕರಸದ ವಿಭಾವಗಳನ್ನು ಎಣಿಸುತ್ತ, ವಿಕೃತಧ್ವನಿ, ಭೂತಾದಿ ಸತ್ತ್ವಗಳ ದರ್ಶನ, ನರಿ ಗೂಬೆಗಳಿಂದಾಗುವ ತ್ರಾಸ ಇವುಗಳ ಸಾಲಿನಲ್ಲಿ ಶೂನ್ಯಾಗಾರವನ್ನೂ ಸೇರಿಸಿದ್ದಾನೆ. ಪಾಠಶಾಲೆಯಲ್ಲಿ ಈ ಭಾಗವನ್ನು ಓದುವ ವಿದ್ಯಾರ್ಥಿಯು ಆ ಪದದ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಜನರಿಲ್ಲದ ಮನೆಯೆಂದರೆ ಪಾಳುಮನೆ, ಪಾಳುಮನೆಯೆಂದರೆ ಭೂತವಿರತಕ್ಕ ಮನೆ ಎಂದು ಅರ್ಥಮಾಡಿಕೊಂಡು ಮುಂದಿನ ಪದಕ್ಕೆ ಹೋಗುತ್ತಾನೆ. ಅಲ್ಲಿ ಭಯಕ್ಕೆ ಆಲಂಬನವು ಭೂತ. ಮನೆಯು ಉದ್ದೀಪನ ಮಾತ್ರ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಭೂತವೂ ಇಲ್ಲದೆ, ಪಾಳೂ ಬೀಳದೆ, ದೀಪಗಳು ಉರಿಯುತ್ತಲೇ ಇರುವ ಬರಿಯ ಕೋಣೆಯೊಂದು ತಾನೇ ಆಲಂಬನವಾಗಿ ರಸವನ್ನು ಹುಟ್ಟಿಸಬಲ್ಲುದೇ ಎಂಬ ಪ್ರಶ್ನೆಗೆ ಆಗ ಅವಕಾಶವೇ ಬರುವುದಿಲ್ಲ.

ಆ ಪ್ರಶ್ನೆಯನ್ನು ಈಗ ನಮ್ಮ ಮುಂದೆ ತಂದಿಟ್ಟಿರುವವನು ಅಮೆರಿಕಾ ದೇಶದ ಕ್ಯಾಲಿಫೋರ್ನಿಯ ಸಂಸ್ಥಾನದ ಒಬ್ಬ ತರುಣ. ಕೇನ್ ಪಾರ್ಸನ್ಸ್ ಎಂದು ಹೆಸರು. ಕೇನ್ ಪಿಕ್ಸೆಲ್ಸ್ ಎಂಬುದು ಈತನು ಯೂಟ್ಯೂಬಿನಲ್ಲಿ ಇಟ್ಟುಕೊಂಡಿರುವ ಅಂಕಿತ. 2022ನೆಯ ಜನವರಿಯಲ್ಲಿ, ಹದಿನಾರು ವರ್ಷದ ವಯಸ್ಸಿನಲ್ಲಿ, ಈತನು ಒಂಬತ್ತು ನಿಮಿಷಗಳಷ್ಟು ಉದ್ದದ ಒಂದು ಕಿರುಚಿತ್ರವನ್ನು ಅಲ್ಲಿ ಪ್ರಕಟಿಸಿದನು. ಅದಕ್ಕೆ ‘ದಿ ಬ್ಯಾಕ್‌ರೂಮ್ಸ್’ ಎಂದು ಹೆಸರು. ಹಿಂಬದಿಯ ಕೋಣೆಗಳು ಎಂದು ನಾವು ಹೇಳಬಹುದು. ಕೋಟಿಗಟ್ಟಲೆ ಸಲ ಅದನ್ನು ನೋಡಿದ್ದಾರೆ. ನೋಡಿದವರ ಸಂಖ್ಯೆಯಿಂದ ಕೃತಿಯ ಯೋಗ್ಯತೆಯು ಸಿದ್ಧಿಸುವುದಿಲ್ಲವೆಂಬುದು ವಾಚಕರಿಗೆ ವಿದಿತವೇ ಇದೆ; ನಾವು ಅದನ್ನು ಪ್ರಮಾಣವಾಗಿ ಹಿಡಿದಿಲ್ಲ. ಕೃತಿಯನ್ನು ಲಕ್ಷಣಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಇಂತಹ ವಸ್ತುವು ವಿದ್ವತ್ಪತ್ರಿಕೆಗೆ ತಕ್ಕುದಲ್ಲ, ಇದು ಹುಡುಗರ ಆಟ ಎಂಬ ಆಕ್ಷೇಪವು ಮೊದಲು ಬರತಕ್ಕದ್ದು. ಆಟವೆಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಾಟ್ಯವೇದದ ಉತ್ಪತ್ತಿಯ ಕಥೆಯಲ್ಲಿ ಇಂದ್ರಾದಿ ದೇವತೆಗಳು ಪಿತಾಮಹನ ಬಳಿಗೆ ಹೋಗಿ ಬೇಡಿದ್ದು ಏನನ್ನು? ಕಣ್ಣಿಗೂ ಕಿವಿಗೂ ವಿಷಯವಾಗತಕ್ಕ ಒಂದು ಕ್ರೀಡನೀಯಕವನ್ನು, ಎಂದರೆ ಆಟದ ಸಾಮಗ್ರಿಯನ್ನು. ಶಾಸ್ತ್ರವು ಹುಟ್ಟಿದ್ದೇ ಆಟಿಕೆಯ ಬೇಡಿಕೆಯಿಂದಾಗಿರುವಾಗ, ಆಟದಿಂದ ಹುಟ್ಟಿದುದೆಂಬ ಕಾರಣಕ್ಕೆ ಒಂದು ಕೃತಿಯನ್ನು ಬಾಗಿಲ ಹೊರಗೆ ನಿಲ್ಲಿಸುವುದು ಶಾಸ್ತ್ರಜ್ಞರಿಗೆ ಒಪ್ಪತಕ್ಕ ಕೆಲಸವಲ್ಲ.

ಕೃತಿಯ ಮೂಲವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏತಕ್ಕೆಂದರೆ ಈ ವಸ್ತುವು ಪಾರ್ಸನ್ಸನದಲ್ಲ. 2019ನೆಯ ಮೇ ತಿಂಗಳಲ್ಲಿ, ಬರೆಯುವವರು ತಮ್ಮ ಹೆಸರನ್ನು ಹೇಳಿಕೊಳ್ಳದ ಫೋರ್‌ಚಾನ್ ಎಂಬ ತಾಣದಲ್ಲಿ, ನೋಡಿದೊಡನೆ ಮನಸ್ಸಿಗೆ ಏನೋ ಸರಿಯಿಲ್ಲವೆಂದು ತೋರುವ ಚಿತ್ರಗಳನ್ನು ಕೊಡಿರೆಂದು ಯಾರೋ ಕೇಳಿದರು. ಅಲ್ಲಿ ಒಂದು ಛಾಯಾಚಿತ್ರವು ಬಂದಿತು. ಹಳದಿಯ ಕಾಗದ ಅಂಟಿಸಿದ ಗೋಡೆಗಳು, ನೆಲದ ಮೇಲೆ ಜಮಖಾನೆ, ತಾರಸಿಯಲ್ಲಿ ಕೊಳವೆದೀಪಗಳು, ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಗಿಲಿಲ್ಲದ ತೆರಪುಗಳು, ಪೀಠೋಪಕರಣವಿಲ್ಲ, ಮನುಷ್ಯರಿಲ್ಲ. ಅದಕ್ಕೆ ಮತ್ತೊಬ್ಬ ಅನಾಮಧೇಯನು ನಾಲ್ಕಾರು ವಾಕ್ಯಗಳ ಒಂದು ವಿವರಣೆಯನ್ನು ಸೇರಿಸಿದನು. ಅಜಾಗರೂಕನಾದ ಮನುಷ್ಯನು ಇರಬಾರದ ಕಡೆಯಲ್ಲಿ ಲೋಕದ ಸಂದಿಯಿಂದ ಜಾರಿದರೆ ಈ ಕೋಣೆಗಳಿಗೆ ಬಂದು ಬೀಳುವನಂತೆ. ಅವು ಅರುವತ್ತು ಕೋಟಿ ಚದರ ಮೈಲಿಗಳಷ್ಟು ಹರಡಿರುವುವಂತೆ. ಅಲ್ಲಿ ನೆನೆದ ಜಮಖಾನೆಯ ವಾಸನೆ, ದೀಪಗಳ ಗುಂಯ್‌ಗುಟ್ಟುವಿಕೆ, ಹಳದಿಯ ಉನ್ಮಾದ ಇವಿಷ್ಟೇ ಇರುವುವಂತೆ. ಯಾವುದಾದರೂ ಓಡಾಡುವ ಸದ್ದು ಹತ್ತಿರದಲ್ಲಿ ಕೇಳಿದರೆ ಅದಕ್ಕೂ ನಿಮ್ಮ ಸದ್ದು ಕೇಳಿಸಿರುವುದೆಂದು ಒಂದು ಎಚ್ಚರಿಕೆಯೂ ಉಂಟು. ಅಪೌರುಷೇಯವೆನ್ನುವುದಕ್ಕೆ ಧೈರ್ಯವಿಲ್ಲ, ಅಜ್ಞಾತಕರ್ತೃಕವೆಂದು ಕರೆಯೋಣ.

ಆ ವಿವರಣೆಯಲ್ಲಿ ಲೋಕದಿಂದ ಜಾರುವುದನ್ನು ಹೇಳುವುದಕ್ಕೆ ಬಳಸಿರುವ ಕ್ರಿಯಾಪದವೇ ಈ ಎಲ್ಲ ವಿಚಾರಕ್ಕೂ ಬೀಗದ ಕೈ. ಅದು ‘ನೋಕ್ಲಿಪ್’ ಎಂಬುದು. ವೀಡಿಯೋ ಆಟಗಳಿಂದ ಬಂದ ಪಾರಿಭಾಷಿಕ ಶಬ್ದ. ಇಂತಹ ಆಟಗಳನ್ನು ಆಡದ ವಾಚಕರಿಗೋಸ್ಕರ ಇದನ್ನು ಬಿಡಿಸಿ ಹೇಳುವುದು ಅವಶ್ಯ. ಆಟದೊಳಗಿನ ಗೋಡೆಗೆ ದಪ್ಪವಿರುವುದಿಲ್ಲ. ಆಟಗಾರನು ನಿಲ್ಲತಕ್ಕ ಕಡೆಗೆ ಮಾತ್ರ ಬಣ್ಣವಿರುವ ತೆಳುವಾದ ಪದರವದು. ಹಿಂದಿನಿಂದ ನೋಡಿದರೆ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಅದು ಗೋಡೆಯಂತೆ ತಡೆಯುವುದಕ್ಕೆ ಕಾರಣವು ಗಟ್ಟಿತನವಲ್ಲ. ಆಟಗಾರನ ಸ್ಥಾನವನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ, ಎಲ್ಲೆಯನ್ನು ಮುಟ್ಟಿದೊಡನೆ ಹಿಂದಕ್ಕೆ ನಿಲ್ಲಿಸುವ ಒಂದು ಗಣಿತ. ಆಟವನ್ನು ರಚಿಸುವವರು ತಮ್ಮ ಕಟ್ಟಡವನ್ನು ಪರೀಕ್ಷಿಸುವುದಕ್ಕಾಗಿ ಈ ಗಣಿತವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಉಪಾಯವನ್ನು ಇಟ್ಟುಕೊಂಡಿರುತ್ತಾರೆ. 1993ರ ‘ಡೂಮ್’ ಎಂಬ ಆಟದಲ್ಲಿಯೇ ಅದಕ್ಕೆ ಒಂದು ಗುಪ್ತಾಕ್ಷರಗಳ ಮಂತ್ರವಿತ್ತು. 1996ರ ‘ಕ್ವೇಕ್’ ಆಟದಲ್ಲಿ ಅದರ ಹೆಸರೇ ನೋಕ್ಲಿಪ್. ಈ ಮಾತನ್ನು ಬರೆದ ಕೂಡಲೆ ಆಟಗಾರನು ಗೋಡೆಯನ್ನು ತೂರಿಕೊಂಡು ಆಚೆಗೆ ಹೋಗುತ್ತಾನೆ. ಆಚೆ ಏನಿರುತ್ತದೆ? ಏನೂ ಇರುವುದಿಲ್ಲ. ತಾನು ಇದುವರೆಗೆ ನಡೆದಾಡಿದ ನಗರವು, ಕೋಟೆಯು, ಶೂನ್ಯದಲ್ಲಿ ತೇಲುವ ಒಂದು ಕಾಗದದ ಪೆಟ್ಟಿಗೆಯಂತೆ ಹಿಂದೆ ಕಾಣುತ್ತದೆ. ನಮ್ಮ ವೇದಾಂತಿಗಳು ಇದನ್ನು ಕೇಳಿ ಮುಗುಳುನಗೆ ನಗಬಹುದು. ಅವರ ದೃಷ್ಟಾಂತಗಳಿಗೆ ಹಗ್ಗ ಹಾವುಗಳ ಜತೆಗೆ ಇನ್ನೊಂದು ಸೇರಿತು.

ಇದು ಒಂದು ಹೊಸ ಅನುಭವ, ಮತ್ತು ಒಂದು ತಲೆಮಾರಿನ ಬಾಲಕರೆಲ್ಲರಿಗೂ ಸಾಧಾರಣವಾದ ಅನುಭವ ಎಂಬುದನ್ನು ಗಮನಿಸಬೇಕು. ಕಾವ್ಯಕ್ಕೆ ಹೇತುವನ್ನು ಹೇಳುವಾಗ ಮಮ್ಮಟನು ಶಕ್ತಿ, ಲೋಕಶಾಸ್ತ್ರಕಾವ್ಯಾದಿಗಳ ಅವಲೋಕನದಿಂದ ಬಂದ ನಿಪುಣತೆ, ಬಲ್ಲವರ ಶಿಕ್ಷೆಯಿಂದಾದ ಅಭ್ಯಾಸ ಈ ಮೂರನ್ನೂ ಕೂಡಿಸಿ ಒಂದೇ ಹೇತುವೆಂದು ನಿರ್ಣಯಿಸಿದನಷ್ಟೆ. ಈ ತರುಣನ ವಿಷಯದಲ್ಲಿ ಅವಲೋಕನವೆಂಬುದು ಬಹುಭಾಗ ಆಟಗಳಿಂದಲೂ, ಆಟಗಳನ್ನೂ ಚಿತ್ರಕಥೆಗಳನ್ನೂ ಪ್ರೀತಿಸುವ ಅಭಿಮಾನಿಗಳ ಬಳಗದಿಂದಲೂ ಬಂದಿದೆ. ಅಭ್ಯಾಸವೂ ಅಲ್ಲಿಯೇ. ಹಜಿಮೆ ಇಸಾಯಾಮನು 2009ರಿಂದ 2021ರ ವರೆಗೆ ಬರೆದ ‘ಅಟ್ಯಾಕ್ ಆನ್ ಟೈಟನ್’ ಎಂಬ ಜಪಾನೀ ಚಿತ್ರಕಥೆಯಲ್ಲಿ ಮಹಾಕಾಯರು ಊರುಗಳನ್ನು ತುಳಿಯುತ್ತ ಬರುವ ಪ್ರಸಂಗವುಂಟು; ಅದನ್ನು ಕಣ್ಣಾರೆ ಕಂಡವನ ಕ್ಯಾಮೆರಾದಲ್ಲಿ ಸಿಕ್ಕಿದಂತೆ ತೋರಿಸುವ ತುಣುಕುಗಳನ್ನು ಈತನು ಮೊದಲು ಮಾಡಿದನು. ಉಪಕರಣವು ಬ್ಲೆಂಡರ್ ಎಂಬ ತಂತ್ರಾಂಶ. 2002ರಿಂದ ಈಚೆಗೆ ಅದರ ಒಳಗುಟ್ಟೆಲ್ಲ ಲೋಕಕ್ಕೆ ಬಿಚ್ಚಿಟ್ಟಿರುವುದರಿಂದ ಕಾಸಿಲ್ಲದ ವಿದ್ಯಾರ್ಥಿಗೂ ಅದು ದೊರೆಯುತ್ತದೆ. ಗುರುಕುಲವಿಲ್ಲದೆ ವಿದ್ಯೆ ಬರುವುದೇ ಎಂದು ಕೇಳುವವರುಂಟು. ಈ ಬಳಗದಲ್ಲಿ ಒಬ್ಬನು ಕಲಿತುದನ್ನು ಮರುದಿನ ಇನ್ನೊಬ್ಬನಿಗೆ ಮಾಡಿ ತೋರಿಸುವ ಪದ್ಧತಿಯುಂಟು. ಸತೀರ್ಥ್ಯರಿದ್ದಾರೆ, ಗುರುವು ಮಾತ್ರ ಯಾರೆಂದು ಬೆರಳಿಟ್ಟು ತೋರಿಸಲಾಗದು.

ಇನ್ನು ಚೌರ್ಯದ ಆಕ್ಷೇಪವನ್ನು ತೆಗೆದುಕೊಳ್ಳೋಣ. ಚಿತ್ರವು ಒಬ್ಬನದು, ಕಲ್ಪನೆಯು ಇನ್ನೊಬ್ಬನದು, ಶಬ್ದವು ಆಟದವರದು, ಈತನದೇನು? ಇದಕ್ಕೆ ಉತ್ತರವನ್ನು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿಯೇ ಆನಂದವರ್ಧನನು ಸಿದ್ಧಮಾಡಿಟ್ಟಿದ್ದಾನೆ. ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಕಾವ್ಯಗಳೊಳಗಿನ ಸಂವಾದವನ್ನು, ಎಂದರೆ ಹೋಲಿಕೆಯನ್ನು, ಆತನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತಿರುವುದು ಒಂದು. ಅದಕ್ಕೆ ಸ್ವಂತವಾದ ಆತ್ಮವೇ ಇಲ್ಲ. ಚಿತ್ರಪಟದಂತಿರುವುದು ಎರಡನೆಯದು, ಅದಕ್ಕೆ ಆತ್ಮವಿದ್ದರೂ ತುಚ್ಛವಾದುದು. ಇಬ್ಬರು ಮನುಷ್ಯರ ಶರೀರಗಳು ಒಂದನ್ನೊಂದು ಹೋಲುವಂತಿರುವುದು ಮೂರನೆಯದು. ಇದನ್ನು ಕವಿಯು ಬಿಡಬೇಕಾಗಿಲ್ಲ, ಏತಕ್ಕೆಂದರೆ ಅಂಗಾಂಗಗಳು ಹೋಲಿದರೂ ಒಳಗಿನ ಆತ್ಮವು ಬೇರೆ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇವುಗಳಿಗೆ ಪರಪುರಪ್ರವೇಶವೆಂಬ ನಾಲ್ಕನೆಯದನ್ನು ಸೇರಿಸಿ ಭೇದಪ್ರಭೇದಗಳನ್ನು ಬೆಳಸಿದನು. ನಮಗೆ ಮೂರೇ ಸಾಕು.

ಅಭಿಮಾನಿಗಳು ಮಾಡುವ ಚಿತ್ರಗಳಲ್ಲಿ ಬಹುಪಾಲು ಮೊದಲನೆಯ ಬಗೆಯವು. ಆಟದಲ್ಲಿ ಕಂಡ ವೇಷವನ್ನು ತೊಟ್ಟು, ಆಟದಲ್ಲಿ ಕಂಡ ಹೋರಾಟವನ್ನೇ ಮತ್ತೆ ಆಡಿ ತೋರಿಸುವುದು ಅವುಗಳ ಸ್ವರೂಪ. ಪ್ರೀತಿಯ ದೃಷ್ಟಿಯಿಂದ ಅವು ದೊಡ್ಡವು, ಕಾವ್ಯದೃಷ್ಟಿಯಿಂದ ಚರ್ಚೆಗೆ ಅನರ್ಹ. ಎರಡನೆಯದಕ್ಕೆ ಒಳ್ಳೆಯ ಉದಾಹರಣೆ ಡ್ಯಾನ್ ಟ್ರಾಕ್ಟನ್‌ಬರ್ಗ್ ಎಂಬಾತನು 2011ರಲ್ಲಿ ಮಾಡಿದ ‘ಪೋರ್ಟಲ್: ನೋ ಎಸ್ಕೇಪ್’. ವಾಲ್ವ್ ಎಂಬ ಸಂಸ್ಥೆಯವರ 2007ರ ಆಟವೊಂದರಲ್ಲಿ ಗೋಡೆಯಲ್ಲಿ ದ್ವಾರವನ್ನು ತೆರೆಯುವ ಒಂದು ಆಯುಧವುಂಟು. ಸೆರೆಯಲ್ಲಿರುವ ಹೆಂಗಸೊಬ್ಬಳು ಅದನ್ನು ಕಂಡುಕೊಂಡು ತಪ್ಪಿಸಿಕೊಳ್ಳಲು ಯತ್ನಿಸುವುದೇ ಆ ಚಿತ್ರದ ವಸ್ತು. ಕೈವಾಡವು ಚೊಕ್ಕಟವಾಗಿದೆ. ಆದರೆ ಆಟವನ್ನು ಬಲ್ಲವನಿಗೆ ಅದರ ಆನಂದವು ಗುರುತಿಸುವ ಆನಂದ. ಬಲ್ಲದವನಿಗೆ ಅರ್ಧ ಮಾತ್ರ ತಲಪುತ್ತದೆ. ಆ ನಿರ್ದೇಶಕನು ಮುಂದೆ 2016ರಲ್ಲಿ ‘10 ಕ್ಲೋವರ್‌ಫೀಲ್ಡ್ ಲೇನ್’ ಎಂಬ ಪೂರ್ಣಪ್ರಮಾಣದ ಚಿತ್ರವನ್ನು ಮಾಡಿ ಹೆಸರು ಪಡೆದನು ಎಂಬುದು ಬೇರೆಯ ಮಾತು.

ಪಾರ್ಸನ್ಸನ ಕೃತಿಯು ಮೂರನೆಯ ಬಗೆಯದೆಂದು ನಮ್ಮ ಅಭಿಪ್ರಾಯ. ಪಂಪನ ವಿಕ್ರಮಾರ್ಜುನವಿಜಯಕ್ಕೆ ರನ್ನನು ಎಷ್ಟು ಋಣಿಯೆಂಬುದನ್ನು ತೋರಿಸಿಕೊಟ್ಟ ವಿದ್ವಾಂಸರು ನಮ್ಮಲ್ಲಿದ್ದಾರೆ. ಆದರೂ ಗದಾಯುದ್ಧದ ದುರ್ಯೋಧನನು ರನ್ನನವನೇ. ಅಷ್ಟು ದೊಡ್ಡ ಹೋಲಿಕೆಗೆ ಈ ಒಂಬತ್ತು ನಿಮಿಷಗಳು ತಕ್ಕುವೆಂದು ನಾವು ಹೇಳುವುದಿಲ್ಲ. ನ್ಯಾಯವು ಒಂದೇ ಎಂದಷ್ಟೇ ಹೇಳುತ್ತೇವೆ. ಛಾಯಾಚಿತ್ರವು ಒಂದು ಕ್ಷಣವನ್ನು ಹಿಡಿದಿತ್ತು, ಅದರಲ್ಲಿ ಕಾಲವಿರಲಿಲ್ಲ. ಈತನು ಅದಕ್ಕೆ ಕಾಲವನ್ನು ಕೊಟ್ಟನು, ನಡಗೆಯನ್ನು ಕೊಟ್ಟನು, ತಿರುವನ್ನು ಕೊಟ್ಟನು. 1990ರ ದಶಕದಲ್ಲಿ ಕೆಲವರು ಎಳೆಯರು ಕೂಡಿ ತಮ್ಮದೊಂದು ಚಿಕ್ಕ ಚಿತ್ರವನ್ನು ತೆಗೆಯುತ್ತಿರುವಾಗ ಕ್ಯಾಮೆರಾ ಹಿಡಿದವನು ನೆಲದಲ್ಲಿ ಜಾರಿ ಆ ಹಳದಿಯ ಕೋಣೆಗಳಿಗೆ ಬೀಳುತ್ತಾನೆ. ನಾವು ಮುಂದೆ ನೋಡುವುದೆಲ್ಲ ಆ ಕ್ಯಾಮೆರಾ ಕಂಡದ್ದು. ಮೂಲೆಯನ್ನು ತಿರುಗಿದರೆ ಮತ್ತೊಂದು ಕೋಣೆ. ಅದನ್ನು ದಾಟಿದರೆ ಮೊದಲಿನದರಂತೆಯೇ ಇರುವ, ಆದರೆ ಮೊದಲಿನದಲ್ಲದ ಇನ್ನೊಂದು. ದೀಪಗಳ ಗುಂಯ್‌ಕಾರ ಒಂದೇ ಸಮನಾಗಿ ನಡೆದಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವಿದೆ; ಈ ಲೇಖನವನ್ನು ಬರೆಯುವುದಕ್ಕೆ ಮುಖ್ಯ ಪ್ರೇರಣೆಯೂ ಅದೇ. ಕ್ಯಾಮೆರಾದ ಈ ದೃಷ್ಟಿಯು ಆಟಗಾರನ ದೃಷ್ಟಿ. ಈ ಜಾತಿಯ ಆಟಗಳಲ್ಲಿ ಆಡುವವನಿಗೆ ತನ್ನ ಶರೀರವು ಕಾಣಿಸುವುದಿಲ್ಲ. ಮುಂದೆ ಚಾಚಿದ ಕೈ, ಮುಂದಿರುವ ಹಾದಿ ಇಷ್ಟೇ. ಆದರೆ ಆಟದಲ್ಲಿ ರಸವು ಸಿದ್ಧಿಸುವುದೇ ಎಂದು ಕೇಳಿದರೆ ನಮ್ಮ ಶಾಸ್ತ್ರವು ಸಂದೇಹಪಡಬೇಕಾಗುತ್ತದೆ. ಅಭಿನವಗುಪ್ತಪಾದರು ಅಭಿನವಭಾರತಿಯಲ್ಲಿ ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳಿದ್ದಾರೆ. ತನ್ನ ಸ್ವಂತ ಸುಖದುಃಖಗಳಿಗೆ ಮನಸ್ಸು ವಶವಾಗಿರುವುದು ಅವುಗಳಲ್ಲೊಂದು. ಆಟಗಾರನು ಸೋಲುಗೆಲವುಗಳ ಚಿಂತೆಯಲ್ಲಿರುತ್ತಾನೆ. ಈಗ ಎಡಕ್ಕೆ ತಿರುಗಬೇಕೆ, ಬಲಕ್ಕೆ ಓಡಬೇಕೆ ಎಂಬ ನಿರ್ಣಯದ ಭಾರವು ಅವನ ಮೇಲಿದೆ. ಅವನಿಗಾಗುವ ಭಯವು ತನ್ನದೇ ಭಯ, ಎಂದರೆ ಲೌಕಿಕವಾದ ಸ್ಥಾಯಿ, ಆಸ್ವಾದಯೋಗ್ಯವಾದ ರಸವಲ್ಲ. ನಾಟಕದ ಸಾಮಾಜಿಕನಾದರೋ ಪ್ರೇಕ್ಷಾಗೃಹದಲ್ಲಿ ಕುಳಿತು, ಪಾತ್ರದ ಭಯವನ್ನು ದೂರದಿಂದ ನೋಡುತ್ತಾನೆ.

ಪಾರ್ಸನ್ಸನು ಮಾಡಿರುವುದೇನೆಂದರೆ, ಆಟದಿಂದ ದೃಷ್ಟಿಯನ್ನು ಇಟ್ಟುಕೊಂಡು ಕರ್ತೃತ್ವವನ್ನು ಬಿಡಿಸಿದ್ದಾನೆ. ನಾವು ಆ ಕ್ಯಾಮೆರಾದೊಳಗೇ ಇದ್ದೇವೆ; ಆದರೆ ಅದನ್ನು ತಿರುಗಿಸುವ ಅಧಿಕಾರವು ನಮಗಿಲ್ಲ. ಯಾವ ಮೂಲೆಯನ್ನು ನೋಡಬೇಕೆಂದು ಮನಸ್ಸು ಹಂಬಲಿಸುತ್ತದೆಯೋ ಆ ಮೂಲೆಯನ್ನು ಅವನು ನೋಡದೆ ಮುಂದಕ್ಕೆ ಹೋಗುತ್ತಾನೆ. ಕ್ಯಾಮೆರಾ ಹಿಡಿದವನ ಮುಖವೂ ನಮಗೆ ಕಾಣುವುದಿಲ್ಲವಾದ್ದರಿಂದ ಇವನು ಇಂಥವನು, ಇಂಥವನ ಮಗ ಎಂಬ ವಿಶೇಷಗಳು ಅಂಟಿಕೊಳ್ಳುವುದಿಲ್ಲ. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರವು, ನಾಟಕದಲ್ಲಿ ವೇಷ ರಂಗ ಗೀತಗಳಿಂದ ನಡೆಯತಕ್ಕದ್ದು, ಇಲ್ಲಿ ಒಂದು ಅಭಾವದಿಂದ ನಡೆಯುತ್ತದೆ. ಮುಖವಿಲ್ಲದ ದೃಷ್ಟಿಯು ಯಾರ ದೃಷ್ಟಿಯಾದರೂ ಆಗಬಲ್ಲುದು. ಸಿಕ್ಕಿದ ಫಿಲ್ಮಿನಂತೆ ಕಥೆಯನ್ನು ಹೇಳುವ ರೂಢಿಯು 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಚಿತ್ರದಿಂದ ಪ್ರಸಿದ್ಧವಾಗಿದೆ, ಇದೇನು ಹೊಸದು ಎನ್ನಬಹುದು. ಅಲ್ಲಿ ಕಾಡಿದೆ, ಜೊತೆಗಾರರಿದ್ದಾರೆ, ಜಗಳವಿದೆ. ಇಲ್ಲಿ ಆಟದಿಂದ ಬಂದ ಏಕಾಂತವಿದೆ. 2011ರಲ್ಲಿ ಹಳೆಯ ಆಟವೊಂದರ ಪರಿಷ್ಕಾರವಾಗಿ ಹುಟ್ಟಿ 2013ರಲ್ಲಿ ಸ್ವತಂತ್ರವಾದ ‘ಸ್ಟ್ಯಾನ್ಲಿ ಪ್ಯಾರಬಲ್’ ಎಂಬ ಆಟವು ಜನರೆಲ್ಲ ಮಾಯವಾದ ಕಚೇರಿಯಲ್ಲಿ ಒಬ್ಬನೇ ನಡೆಯುವ ಗುಮಾಸ್ತನ ಕಥೆ. ಆ ಏಕಾಂತದ ಪರಿಚಯವಿಲ್ಲದವನಿಗೆ ಈ ಚಿತ್ರದ ನಡಗೆಯು ಹೊಳೆಯಲಾರದು.

ದೋಷವು ಗುಣವಾಗುವ ಪ್ರಕರಣವೂ ಇಲ್ಲಿ ಉಂಟು. ಆಲಂಕಾರಿಕರು ದೋಷಗಳನ್ನು ನಿತ್ಯ ಅನಿತ್ಯವೆಂದು ವಿಭಾಗಿಸಿ, ಕರ್ಣಕಠೋರವಾದ ಶಬ್ದವು ಶೃಂಗಾರದಲ್ಲಿ ದೋಷವಾದರೂ ರೌದ್ರದಲ್ಲಿ ಗುಣವೇ ಎನ್ನುವರು. ಗಣಕಯಂತ್ರದಲ್ಲಿ ಒಬ್ಬನೇ ಬಾಲಕನು ಕಟ್ಟಿದ ಕೋಣೆಗಳಲ್ಲಿ ನ್ಯೂನತೆಯಿರುವುದು ಸಹಜ. ಹಳೆಯ ವೀಡಿಯೋ ಟೇಪಿನ ಮಸುಕು, ಬಣ್ಣದ ಸೋರಿಕೆ, ಅಲುಗುವ ಕೈ ಇವುಗಳನ್ನು ಮೇಲೆ ಹೊದಿಸಿದ್ದರಿಂದ ನ್ಯೂನತೆಯು ಮರೆಯಾಯಿತು. ಅಷ್ಟೇ ಅಲ್ಲ, ಅಸಂಭಾವ್ಯವಾದ ವಸ್ತುವಿಗೆ ಸಂಭಾವ್ಯತೆಯೂ ಬಂದಿತು. ಅಭಿನವಗುಪ್ತರ ಮೊದಲನೆಯ ವಿಘ್ನವು ಸಂಭಾವನಾವಿರಹ, ಎಂದರೆ ಇದು ನಡೆಯಲಾರದೆಂಬ ಬುದ್ಧಿ. ಅದನ್ನು ಕಳೆಯುವುದಕ್ಕೆ ಪ್ರಾಚೀನರು ಪ್ರಖ್ಯಾತವಾದ ಇತಿವೃತ್ತವನ್ನು ಆಶ್ರಯಿಸಿದರು. ಈತನು ಮನೆಯ ಅಟ್ಟದಲ್ಲಿ ಬಿದ್ದಿರುವ ಟೇಪಿನ ಚಹರೆಯನ್ನು ಆಶ್ರಯಿಸಿದನು.

ಹಾಗಾದರೆ ಈ ಚಿತ್ರದ ರಸ ಯಾವುದು? ಎಲ್ಲರೂ ಭಯಾನಕವೆನ್ನುವರು. ನಾವು ಅದ್ಭುತವೆನ್ನುತ್ತೇವೆ, ಭಯವು ಅದಕ್ಕೆ ಸಂಚಾರಿಯಂತೆ ಬಂದು ಹೋಗುವುದು. ಭರತನು ರಸಗಳಿಗೆ ವರ್ಣಗಳನ್ನು ಹೇಳುವಾಗ ಭಯಾನಕಕ್ಕೆ ಕಪ್ಪನ್ನೂ ಅದ್ಭುತಕ್ಕೆ ಹಳದಿಯನ್ನೂ ವಿಧಿಸಿರುವುದನ್ನು ನೆನೆದರೆ, ಈ ಹಳದಿಯ ಗೋಡೆಗಳ ಮುಂದೆ ಪಂಡಿತನಿಗೆ ಒಂದು ಕ್ಷಣ ರೋಮಾಂಚವಾಗದಿರದು. ಇದು ಕಾಕತಾಳೀಯವೆಂದು ಬಲ್ಲೆವು. ಬಣ್ಣದ ಮೇಲೆ ವಾದವನ್ನು ಕಟ್ಟುವುದಿಲ್ಲ. ವಾದವು ವಿಭಾವದ ಮೇಲೆ ನಿಂತಿದೆ. ಆ ಕೋಣೆಗಳಲ್ಲಿ ಕತ್ತಲೆಯಿಲ್ಲ, ರಕ್ತವಿಲ್ಲ, ಅಪಾಯದ ಚಿಹ್ನೆಯಿಲ್ಲ. ಯಾರಿಗಾಗಿ ಕಟ್ಟಿದರು, ಯಾರು ದೀಪಕ್ಕೆ ವಿದ್ಯುತ್ತನ್ನು ಒದಗಿಸುತ್ತಿರುವರು, ಇಷ್ಟು ಜಾಗವು ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳು ಮಾತ್ರ ಏಳುತ್ತವೆ. ಉಪಯೋಗಕ್ಕೋಸ್ಕರ ಮಾಡಿದ ವಸ್ತುವು ಉಪಯೋಗಿಸುವವನಿಲ್ಲದೆ ಅನಂತವಾಗಿ ಬೆಳೆದಿರುವುದನ್ನು ಕಂಡಾಗ ಹುಟ್ಟುವ ಚಿತ್ತವಿಸ್ತಾರವು ವಿಸ್ಮಯವೇ. ಶೂನ್ಯಾಗಾರವು ಇಲ್ಲಿ ಉದ್ದೀಪನದ ಕೆಳಗಿನ ಪದವಿಯನ್ನು ಬಿಟ್ಟು ಆಲಂಬನದ ಪೀಠಕ್ಕೆ ಏರಿದೆ. ನಾವು ಮೊದಲು ಎತ್ತಿಕೊಂಡ ಪ್ರಶ್ನೆಗೆ ಈ ಚಿತ್ರದ ಪೂರ್ವಾರ್ಧವು ಹೌದೆಂದು ಉತ್ತರ ಕೊಡುತ್ತದೆ.

ಉತ್ತರಾರ್ಧವು ಆ ಉತ್ತರವನ್ನು ಕೆಡಿಸುತ್ತದೆ. ಕಪ್ಪು ತಂತಿಗಳನ್ನು ಹೆಣೆದಂತಿರುವ ಅವಯವಗಳುಳ್ಳ ಒಂದು ಪ್ರಾಣಿಯು ಅರಚುತ್ತ ಅಟ್ಟಿಸಿಕೊಂಡು ಬರುತ್ತದೆ. ಕ್ಯಾಮೆರಾ ಹಿಡಿದವನು ಓಡುತ್ತಾನೆ. ಆ ಕ್ಷಣದಲ್ಲಿ ಕೋಣೆಯು ಮತ್ತೆ ಉದ್ದೀಪನವಾಗಿಬಿಡುತ್ತದೆ. ನೋಡುವವನ ಮನಸ್ಸು ಗೋಡೆಯನ್ನು ಬಿಟ್ಟು ಬೆನ್ನ ಹಿಂದಕ್ಕೆ ಹೋಗುತ್ತದೆ. ಓಟವು ಆಟದ ಲಕ್ಷಣ. ಬಿಡಿಸಿಟ್ಟಿದ್ದ ಆಟಗಾರನ ಸ್ವಾರ್ಥವು ಬಾಗಿಲಿನಿಂದ ಮತ್ತೆ ಒಳಕ್ಕೆ ಬರುತ್ತದೆ. ಮೂಲದ ಅನಾಮಧೇಯ ವಾಕ್ಯಗಳಲ್ಲಿ ಪ್ರಾಣಿಯನ್ನು ಹೇಳಿರಲಿಲ್ಲವೇ ಎಂದರೆ, ಹೇಳಿತ್ತು. ಕೇಳಿಸಿದರೆ ಎಂಬ ನಿಬಂಧನೆಯಲ್ಲಿ ಹೇಳಿತ್ತು. ಅಲ್ಲಿ ಅದು ವ್ಯಂಗ್ಯ, ಇಲ್ಲಿ ವಾಚ್ಯ. ವ್ಯಂಗ್ಯವಾಗಿರುವಾಗ ಶೋಭಿಸುವ ಅರ್ಥವನ್ನು ಬಾಯಿಬಿಟ್ಟು ಹೇಳಿದರೆ ಶೋಭೆಯು ಹೋಗುವುದೆಂಬುದೇ ಧ್ವನಿವಾದದ ಸರ್ವಸ್ವ. ಹದಿನಾರು ವರ್ಷದ ಕರ್ತನು ಪ್ರೇಕ್ಷಕನು ಬೇಸರಪಟ್ಟಾನೆಂದು ಶಂಕಿಸಿದನೋ, ಅಥವಾ ತಾನು ಆಡಿದ ಆಟಗಳ ವಾಸನೆಯು ಅವನನ್ನು ಅಟ್ಟಿಸಿಕೊಂಡು ಬಂದಿತೋ, ಹೇಗಾದರೂ ಇದು ಕೃತಿಯ ದೊಡ್ಡ ಕುಂದು.

ಅಭಿಮಾನಿಗಳ ವಿಷಯವನ್ನು ಹೇಳದೆ ಈ ವಿಮರ್ಶೆಯು ಪೂರ್ಣವಾಗದು. ರಾಜಶೇಖರನು ಪ್ರತಿಭೆಯನ್ನು ಕಾರಯಿತ್ರೀ ಭಾವಯಿತ್ರೀ ಎಂದು ಎರಡಾಗಿ ಮಾಡಿ, ರಚಿಸುವವನಿಗೆ ಒಂದನ್ನು, ಆಸ್ವಾದಿಸುವ ಭಾವಕನಿಗೆ ಇನ್ನೊಂದನ್ನು ಕೊಟ್ಟನು. ಭಾವಕರಲ್ಲಿಯೂ ಯಾವುದೂ ರುಚಿಸದವರು, ಹುಲ್ಲನ್ನೂ ಬಿಡದೆ ಎಲ್ಲವನ್ನೂ ಉಣ್ಣುವವರು, ಹೊಟ್ಟೆಕಿಚ್ಚಿನವರು, ತತ್ತ್ವದಲ್ಲಿ ಮನಸ್ಸಿಟ್ಟವರು ಎಂದು ನಾಲ್ಕು ವರ್ಗ. ಈ ಕಾಲದ ಅಭಿಮಾನಿಬಳಗವನ್ನು ಕಣ್ಣಾರೆ ಕಂಡು ಬರೆದನೋ ಎಂಬಂತಿದೆ. 2019ರ ಆ ನಾಲ್ಕಾರು ವಾಕ್ಯಗಳನ್ನು ಹಿಡಿದುಕೊಂಡು ಎರಡನೆಯ ವರ್ಗದ ಭಾವಕರು ಎಷ್ಟು ಬೆಳಸಿದರೆಂದರೆ, ಕೋಣೆಗಳಿಗೆ ನೆಲೆ ಸೊನ್ನೆ, ನೆಲೆ ಒಂದು, ನೆಲೆ ಎರಡು ಎಂದು ಸಂಖ್ಯೆ ಹಾಕಿ ಅದನ್ನು ಮುಗಿಯದ ಪಟ್ಟಿಯನ್ನಾಗಿ ಮಾಡಿದರು. ಪ್ರತಿಯೊಂದಕ್ಕೂ ನಿವಾಸಿಗಳು, ನಿವಾಸಿಗಳಿಗೆ ಲಕ್ಷಣಗಳು, ಅಪಾಯದ ಮಟ್ಟಗಳು. ಅಲ್ಲಿ ಸಿಕ್ಕಿಕೊಂಡವನು ಕುಡಿದು ಬದುಕುವುದಕ್ಕೆ ಬಾದಾಮಿಯ ನೀರೆಂಬ ಒಂದು ಪಾನಕವನ್ನೂ ಸೃಷ್ಟಿಸಿದ್ದಾರೆ! ನಮ್ಮ ಪುರಾಣಗಳಿಗೆ ಕ್ಷೇತ್ರಮಾಹಾತ್ಮ್ಯಗಳು ಸೇರಿಕೊಂಡ ಬಗೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಆದರೆ ಸಂಖ್ಯೆಯು ಹತ್ತಿದ ಕಡೆ ಅನಂತವು ಉಳಿಯುವುದಿಲ್ಲ, ಪಟ್ಟಿಯಿದ್ದಲ್ಲಿ ವಿಸ್ಮಯವಿಲ್ಲ.

ಪಾರ್ಸನ್ಸನೂ ಅಭಿಮಾನಿಯೇ. ಆದರೆ ನಾಲ್ಕನೆಯ ವರ್ಗದವನು. ಈ ಪಟ್ಟಿಗಳನ್ನೆಲ್ಲ ಬದಿಗಿಟ್ಟು, ಮೊದಲನೆಯ ಛಾಯಾಚಿತ್ರಕ್ಕೆ ಹಿಂದಿರುಗಿ, ಅದರ ಮುಂದೆ ನಿಂತನು. ಭಾವಯಿತ್ರಿಯು ಕಾರಯಿತ್ರಿಯಾಗುವುದು ಹೀಗೆ: ಎಲ್ಲರೂ ಸೇರಿಸುತ್ತಿರುವಾಗ ಒಬ್ಬನು ಕಳೆಯುತ್ತಾನೆ. ಈತನಲ್ಲಿ ಶಕ್ತಿಯಿದೆಯೆಂದು ನಾವು ಹೇಳುವುದಕ್ಕೆ ತಂತ್ರಕೌಶಲಕ್ಕಿಂತ ಈ ವ್ಯವಕಲನವೇ ಹೆಚ್ಚಿನ ಸಾಕ್ಷಿ.

ಮುಂದಿನ ಭಾಗಗಳನ್ನು ಸಂಕ್ಷೇಪವಾಗಿ ನೋಡಬಹುದು. ಅಸಿಂಕ್ ಎಂಬ ಕಲ್ಪಿತ ಸಂಶೋಧನಾಲಯವೊಂದು 1980ರ ದಶಕದ ಕೊನೆಯಲ್ಲಿ ಅಯಸ್ಕಾಂತಶಕ್ತಿಯ ಯಂತ್ರದಿಂದ ಆ ಕೋಣೆಗಳಿಗೆ ದ್ವಾರವನ್ನು ತೆರೆಯುತ್ತದೆ. ಅನಂತವನ್ನು ಕಂಡ ಅಧಿಕಾರಿಗಳಿಗೆ ಹೊಳೆಯುವುದೇನು? ಉಗ್ರಾಣಕ್ಕೂ ವಸತಿಗೂ ಇನ್ನು ಜಾಗದ ಕೊರತೆಯಿಲ್ಲವೆಂಬುದು. ಇದನ್ನು ಗಂಭೀರವಾದ ದನಿಯಲ್ಲಿ ವಿವರಿಸುವ ಪ್ರಚಾರಚಿತ್ರದ ರೂಪದ ಭಾಗವು ಹಾಸ್ಯಾದ್ಭುತಗಳ ಅಪೂರ್ವವಾದ ಮಿಶ್ರಣ. ಪ್ರಾಣಿಯ ಅಟ್ಟಹಾಸಕ್ಕಿಂತ ಇದು ಎಷ್ಟೋ ಮೇಲು. ಉಳಿದ ಕೆಲವು ಭಾಗಗಳಲ್ಲಿ ಕಾರಣಗಳನ್ನು ವಿವರಿಸುವ ಚಾಪಲ್ಯವು ಹೆಚ್ಚಿದೆ. 2023ರಲ್ಲಿ ಎ24 ಎಂಬ ಚಿತ್ರಸಂಸ್ಥೆಯು ಈತನ ನಿರ್ದೇಶನದಲ್ಲಿಯೇ ಇದನ್ನು ಪೂರ್ಣಚಿತ್ರವಾಗಿ ತೆಗೆಯುವುದಾಗಿ ಪ್ರಕಟಿಸಿತು. ಆಗ ಈತನಿಗೆ ಹದಿನೇಳು ವರ್ಷ. ಅದು ಈ ಲೇಖನದ ವಿಷಯವಲ್ಲ. ಆದರೆ ಯಾರದೂ ಅಲ್ಲದ ಒಂದು ಕಲ್ಪನೆಯು ಹಣ ಹೂಡಿದವರ ಕೈಗೆ ಬರುವಾಗ, ಅನಾಮಧೇಯನಾದ ಮೊದಲ ಕವಿಗೆ ಸಲ್ಲಬೇಕಾದ ಋಣವು ಯಾವ ಪುಸ್ತಕದಲ್ಲಿ ಜಮೆಯಾಗಬೇಕೆಂಬ ಪ್ರಶ್ನೆಯು ಅಲಂಕಾರಶಾಸ್ತ್ರಕ್ಕಿಂತ ಧರ್ಮಶಾಸ್ತ್ರಕ್ಕೆ ಸೇರಿದುದು. ದಾಯಭಾಗದ ಪಂಡಿತರು ಇದನ್ನು ವಿಚಾರಿಸಲಿ.

ಛಾಯಾಚಿತ್ರದ ಮೂಲವು 2024ರಲ್ಲಿ ಪತ್ತೆಯಾಯಿತು. ವಿಸ್ಕಾನ್ಸಿನ್ ಸಂಸ್ಥಾನದ ಆಷ್‌ಕಾಷ್ ಪಟ್ಟಣದಲ್ಲಿ, ಹಿಂದೆ ಪೀಠೋಪಕರಣಗಳ ಅಂಗಡಿಯಾಗಿದ್ದ ಒಂದು ಮಹಡಿಯನ್ನು ಆಟಿಕೆಯ ಮಾದರಿಗಳನ್ನು ಮಾರುವ ಅಂಗಡಿಯಾಗಿ ಪರಿವರ್ತಿಸುವಾಗ, 2002ರಲ್ಲಿ ತೆಗೆದ ಚಿತ್ರವದು. ಅಭಿಮಾನಿಗಳೇ ಹುಡುಕಿ ಕಂಡುಹಿಡಿದರು. ಕೆಲವರಿಗೆ ಇದರಿಂದ ಆಶಾಭಂಗವಾಯಿತಂತೆ. ನಮಗಾಗಲಿಲ್ಲ. ಮಳಿಗೆಯವರು ದುರಸ್ತಿಗೆಂದು ತೆಗೆದ ಚಿತ್ರವು ಲೌಕಿಕವಾದ ಕಾರಣ. ವಿಭಾವವು ಅದರಿಂದ ಹುಟ್ಟಿದರೂ ಅದಲ್ಲ.

2023ರಲ್ಲಿ ಪಾರ್ಸನ್ಸನು ‘ದಿ ಓಲ್ಡೆಸ್ಟ್ ವ್ಯೂ’ ಎಂಬ ಬೇರೊಂದು ಮಾಲೆಯನ್ನು ಪ್ರಾರಂಭಿಸಿದನು. ಅಲ್ಲಿಯೂ ಒಬ್ಬ ಯುವಕನು ನೆಲದಡಿಗೆ ಇಳಿಯುತ್ತಾನೆ; ಅಲ್ಲಿಯೂ ಜನರಿಲ್ಲದ ಕಟ್ಟಡ. ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿದ್ದ ವ್ಯಾಲಿ ವ್ಯೂ ಎಂಬ ಅಂಗಡಿಸಮುಚ್ಚಯದ ಪ್ರತಿಕೃತಿಯದು. ಅಲ್ಲಿ ನಿಜವಾಗಿ ಇರಿಸಿದ್ದ, ಜೂಲಿಯನ್ ರೆವರ್ಶೋನ್ ಎಂಬ ಸಸ್ಯಶಾಸ್ತ್ರಜ್ಞನ ಭಾರಿ ಬೊಂಬೆಯೊಂದು ಈ ಕಥೆಯಲ್ಲಿ ಚಕ್ರಗಳ ಮೇಲೆ ಉರುಳುತ್ತ ಬರುತ್ತದೆ. ಮೊದಲ ಚಿತ್ರದ ಪ್ರಾಣಿಗೂ ಇದಕ್ಕೂ ಇರುವ ಅಂತರವನ್ನು ನೋಡಬೇಕು. ಇದರ ಮುಖವು ಬದಲಾಗುವುದಿಲ್ಲ. ಯಾರೋ ಯಾವುದೋ ಸಂತೋಷಕ್ಕಾಗಿ ಮಾಡಿ, ಆಮೇಲೆ ಮರೆತುಬಿಟ್ಟ ವಸ್ತುವಿದು. ಆ ಕಟ್ಟಡದ ದೀಪಗಳಂತೆ, ನೆಲದಂತೆ, ಬೊಂಬೆಯೂ ಶೂನ್ಯಾಗಾರದ ಒಂದು ಅಂಗವಾಗಿಯೇ ನಿಂತಿದೆ. ಅದು ನಮ್ಮ ಕಡೆಗೆ ತಿರುಗಿದಾಗ ತಿರುಗಿದ್ದು ಮನೆಯೇ ಎಂದು ತೋರುತ್ತದೆ.